ಕುಂಡದ ಮಣ್ಣು ಹಸನಾದರೆ ತಟ್ಟೆಯ ಪಲ್ಯವೂ ಹಸನು

ಮುದ್ದೇಬಿಹಾಳ ತಾಲೂಕಿನ ತಂಗಡಗಿಯಂಥ ಕೃಷ್ಣಾ ತೀರದ ಊರುಗಳಲ್ಲಿ ಎರೆ ಮಣ್ಣೆಂದರೆ ಅನ್ನ ಕೊಡುವ ಮಣ್ಣು. ಮಳೆ ನಿಂತ ಮೇಲೂ ತೇವ ಹಿಡಿದಿಟ್ಟು ಬಿಳಿಜೋಳ, ಕಡಲೆಯನ್ನು ಕಾಯುವುದು ಇದೇ. ಆದರೆ ಅದನ್ನೇ ಕುಂಡಕ್ಕೆ ತುಂಬಿ ಮನೆಯೊಳಗೆ ಮೆಂತ್ಯೆ ಬಿತ್ತಿದರೆ, ಮೊಳಕೆ ಒಂದೆರಡು ವಾರದಲ್ಲೇ ಹಳದಿಯಾಗಿ ಬೀಳುವುದುಂಟು. ಬೀಜವನ್ನೋ ಕೈಗುಣವನ್ನೋ ದೂರಿ ಫಲವಿಲ್ಲ. ನೀರು ಬಿದ್ದರೆ ಅಂಟಾಗಿ, ಒಣಗಿದರೆ ಬಿರಿಯುವ ಈ ಮಣ್ಣಿನಲ್ಲಿ, ಸಣ್ಣ ಕುಂಡದ ಎಳೆ ಬೇರಿಗೆ ಗಾಳಿ ಸಿಗುವುದಿಲ್ಲ.

ಮನೆಯಲ್ಲೇ ಸೊಪ್ಪು ಬೆಳೆಯುವುದು ಬರೀ ಹವ್ಯಾಸದ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿಗೆ ರಕ್ತಹೀನತೆ ಇದೆ. ಸೊಪ್ಪೊಂದರಿಂದಲೇ ಇದು ವಾಸಿಯಾಗದು. ವೈದ್ಯರು ಕೊಟ್ಟ ಕಬ್ಬಿಣಾಂಶದ ಮಾತ್ರೆ ಬಿಡಬಾರದು. ಆದರೆ ದಿನವೂ ರೊಟ್ಟಿಯ ಜೊತೆ ಒಂದು ಹಿಡಿ ತಾಜಾ ಸೊಪ್ಪು ಸಿಕ್ಕರೆ ದೇಹಕ್ಕೆ ದೊಡ್ಡ ಆಸರೆ.

ಮಣ್ಣಿನ ಹದ

ನಾಲ್ಕು ಬುಟ್ಟಿ ಲೆಕ್ಕ ಇಟ್ಟುಕೊಳ್ಳಿ: ಎರೆ ಮಣ್ಣು ಒಂದು, ತೊಳೆದ ದಪ್ಪ ಮರಳು ಒಂದು, ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ ಒಂದು, ನೆನೆಸಿ ಹಿಂಡಿದ ತೆಂಗಿನ ನಾರಿನ ಪುಡಿ ಒಂದು. ಇದಕ್ಕೆ ಎರಡು ಹಿಡಿ ಬೇವಿನ ಹಿಂಡಿ ಸೇರಿಸಿ. ಮಸಾರಿ ಮಣ್ಣು ಸಿಕ್ಕರೆ ಕೆಲಸ ಇನ್ನೂ ಸುಲಭ: ಮಣ್ಣು ಎರಡು, ಗೊಬ್ಬರ ಒಂದು, ನಾರಿನ ಪುಡಿ ಒಂದು ಸಾಕು. ಎರೆ ಮಣ್ಣಿಗೆ ಬರೀ ಒಂದಿಷ್ಟು ಮರಳು ಬೆರೆಸಿ ಬಿಟ್ಟರೆ ಅದು ಒಣಗಿ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಸಡಿಲಗೊಳಿಸುವುದು ಗೊಬ್ಬರ ಮತ್ತು ನಾರು.

ಹದ ನೋಡಲು ಒದ್ದೆ ಮಿಶ್ರಣವನ್ನು ಮುಷ್ಟಿಯಲ್ಲಿ ಹಿಚುಕಿ. ಉಂಡೆಯಾಗಿ, ಬೆರಳು ತಾಗಿಸಿದೊಡನೆ ಉದುರಬೇಕು. ಉದುರದಿದ್ದರೆ ನಾರು ಹೆಚ್ಚಿಸಿ.

ಒಲೆಯ ಬೂದಿ ಗಿಡಕ್ಕೆ ಒಳ್ಳೆಯದೆಂಬ ನಂಬಿಕೆ ಇದೆ. ನಮ್ಮ ಎರೆ ಮಣ್ಣಿಗೆ ಅದು ಬೇಡ. ಈ ಮಣ್ಣಿನಲ್ಲಿ ಮೊದಲೇ ಕ್ಷಾರ ಹೆಚ್ಚು, ಬೂದಿ ಅದನ್ನು ಮತ್ತಷ್ಟು ಏರಿಸುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರು ಅದನ್ನು ಹೀರಲಾರದು. ನರ ಹಸಿರಾಗಿಯೇ ಉಳಿದು ಎಳೆಯ ಎಲೆ ಹಳದಿಯಾದರೆ ಅದು ಇದರದೇ ಗುರುತು.

ಮಣ್ಣಿನ ಶುಚಿತ್ವ

ಮನೆಯೊಳಗೆ ಬರುವ ಮಣ್ಣು ಶುಚಿಯಾಗಿರಬೇಕು. ಚರಂಡಿ ಪಕ್ಕದ, ರಸ್ತೆ ಬದಿಯ, ಔಷಧಿ ಹೊಡೆದ ಹತ್ತಿ ಹೊಲದ ಮಣ್ಣು ಬೇಡ. ಕ್ರಿಮಿನಾಶಕ ಅಥವಾ ಬಣ್ಣದ ಡಬ್ಬಿಯನ್ನು ಎಷ್ಟು ತೊಳೆದರೂ ಕುಂಡವಾಗಿಸಬಾರದು.

ಹಸಿ ಸಗಣಿಯಲ್ಲಿ ಭೇದಿ ತರುವ ರೋಗಾಣುಗಳಿರುತ್ತವೆ. ಆರು ತಿಂಗಳಾದರೂ ಕಳಿತು, ವಾಸನೆ ಹೋಗಿ ಪುಡಿಯಾದ ಗೊಬ್ಬರವನ್ನೇ ಬಳಸಿ. ಮಣ್ಣನ್ನು ಏಪ್ರಿಲ್-ಮೇ ಬಿಸಿಲಿನಲ್ಲಿ ಒದ್ದೆ ಮಾಡಿ ತೆಳುವಾಗಿ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಮಣ್ಣು ಒತ್ತಿ ನಾಲ್ಕರಿಂದ ಆರು ವಾರ ಬಿಡಿ. ಒಳಗಿನ ಕಾವಿಗೆ ಶಿಲೀಂಧ್ರ, ಹುಳುವಿನ ಮೊಟ್ಟೆ, ಕಳೆ ಬೀಜ ಬಹುಪಾಲು ಸಾಯುತ್ತವೆ. ಗೊಬ್ಬರ ಬೆರೆಸುವುದು ಆಮೇಲೆ.

ತರಕಾರಿ ಸಿಪ್ಪೆ, ಸೋಸಿದ ಚಹಾ ಪುಡಿಯನ್ನು ಒಣ ಎಲೆಯೊಂದಿಗೆ ಮಡಕೆಯಲ್ಲಿ ಕಳಿಸಬಹುದು. ಮಾಂಸ, ಮೂಳೆ, ಕೊಬ್ಬು ಮಾತ್ರ ಅದಕ್ಕೆ ಬೀಳಬಾರದು. ಇಲಿ, ನೊಣ ಮುತ್ತುತ್ತವೆ. ಕುರ್ಬಾನಿಯ ಉಳಿಕೆಯನ್ನು ಊರ ಹೊರಗೆ ಆಳವಾಗಿ ಹೂಳುವುದೇ ಸರಿ.

ಕೈಯಲ್ಲಿ ಗಾಯವಿದ್ದರೆ ಬರಿಗೈಯಲ್ಲಿ ಮಣ್ಣು ಕಲಸಬೇಡಿ, ಧನುರ್ವಾಯುವಿನ ಭಯವಿದೆ. ಕೆಲಸ ಮುಗಿದೊಡನೆ ಸಾಬೂನಿನಿಂದ ಕೈ ತೊಳೆಯಿರಿ. ಗೊಬ್ಬರ ತಾಗಿದ ಬಟ್ಟೆ ಬದಲಿಸಿಯೇ ನಮಾಝಿಗೆ ನಿಲ್ಲಿ.

ಬೆಳಕು ಮತ್ತು ನೀರು

ಆರರಿಂದ ಎಂಟು ಇಂಚು ಆಳದ, ಅಡಿಯಲ್ಲಿ ತೂತುಗಳಿರುವ ಕುಂಡ ಸಾಕು. ಮೂರು-ನಾಲ್ಕು ಗಂಟೆ ಬೆಳಗಿನ ಬಿಸಿಲು ಬೀಳುವ ಕಿಟಕಿ ಅಥವಾ ಪಡಸಾಲೆಯಲ್ಲಿಡಿ. ಬೇಸಿಗೆಯ ಮಧ್ಯಾಹ್ನ ನೆರಳು ಮಾಡಿ.

ವುಝೂ ಮಾಡುವಾಗಲೂ ನೀರು ಪೋಲಾಗಬಾರದೆಂದು ಪ್ರವಾದಿ(ಸ) ಕಲಿಸಿದ್ದಾರೆ. ಆ ನೀರನ್ನು ಹಿಡಿದಿಟ್ಟು ಹೂಗಿಡಕ್ಕೋ ನಿಂಬೆ ಗಿಡದ ಬುಡಕ್ಕೋ ಹಾಕಿ. ಬಾಯಿ ಮುಕ್ಕಳಿಸಿದ ನೀರೂ ಅದರಲ್ಲಿರುವುದರಿಂದ ಸೊಪ್ಪಿನ ಕುಂಡಕ್ಕೆ ಬೇಡ. ಅಲ್ಲಿಗೆ ಅಕ್ಕಿ-ಬೇಳೆ ತೊಳೆದ ನೀರು ಚೆನ್ನು. ಉಪ್ಪಿನಂಶದ ಬೋರ್‌ವೆಲ್ ನೀರಾದರೆ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಆಗ ಮೇಲಿನ ಪೊರೆ ಕೆರೆದು ತೆಗೆದು, ಸಿಹಿನೀರನ್ನು ಅಡಿಯಿಂದ ಹರಿಯುವಷ್ಟು ಹೊಯ್ಯಿರಿ.

ಮೆಂತ್ಯೆ ಮೂರರಿಂದ ನಾಲ್ಕು ವಾರಕ್ಕೆ, ರಾಜಗಿರಿ ಸುಮಾರು ಒಂದು ತಿಂಗಳಿಗೆ, ಕೊತ್ತಂಬರಿ ಐದಾರು ವಾರಕ್ಕೆ ಕೊಯ್ಲಿಗೆ ಬರುತ್ತದೆ. ಮನೆಯದೇ ಸೊಪ್ಪಾದರೂ ಎರಡು-ಮೂರು ನೀರಿನಲ್ಲಿ ತೊಳೆಯಬೇಕು. ಪಲ್ಯಕ್ಕೆ ನಿಂಬೆ ಹಿಂಡಿದರೆ ಕಬ್ಬಿಣಾಂಶ ದೇಹಕ್ಕೆ ಹೆಚ್ಚು ಸೇರುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಕಡಿಮೆಯಾಗುತ್ತದೆ. ಚಹಾವನ್ನು ಒಂದು ಗಂಟೆ ತಡೆಯಿರಿ.

ಬಿತ್ತಿದ ಗಿಡದಿಂದ ಮನುಷ್ಯನೋ ಹಕ್ಕಿಯೋ ಪ್ರಾಣಿಯೋ ತಿಂದರೆ ಬಿತ್ತಿದವರಿಗೆ ಅದು ಸದಕಾ ಎಂದು ಹದೀಸ್ ತಿಳಿಸುತ್ತದೆ. ಒಂದು ಕುಂಡ ಹೆಚ್ಚಾಗಿ ಬಿತ್ತಿದರೆ ಪಕ್ಕದ ಮನೆಯ ಬಾಣಂತಿಗೂ ಒಂದು ಕಟ್ಟು ಸೊಪ್ಪು ಹೋಗುತ್ತದೆ.