ಹೊಳೆಯ ವಕಾಲತ್ತು ಹಿಡಿದವರು

ಉತ್ತರದಲ್ಲಿ ಕೃಷ್ಣೆ, ದಕ್ಷಿಣದಲ್ಲಿ ತುಂಗಭದ್ರೆ. ಇವೆರಡರ ನಡುವೆ ಹಬ್ಬಿದ ನೆಲವನ್ನು ಪ್ರಾಚೀನ ಶಾಸನಗಳು ‘ಎಡೆದೊರೆ ನಾಡು’ ಎಂದು ಹೆಸರಿಸಿವೆ. ತೊರೆಗಳೆರಡರ ಎಡೆಯಲ್ಲಿರುವ ನಾಡು ಅದು. ಈ ನೆಲದ ಒಡೆತನಕ್ಕಾಗಿ ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ತಲೆಮಾರುಗಳ ಪರ್ಯಂತ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯನು ರಾಯಚೂರಿನ ಕೋಟೆಯನ್ನು ಗೆದ್ದದ್ದು ಆ ದೀರ್ಘ ಕಲಹದ ಪ್ರಸಿದ್ಧ ಅಧ್ಯಾಯ. ಮುಂದೆ ಇದೇ ನೆಲದಲ್ಲಿ, ಮಾನ್ವಿ ಸೀಮೆಯ ಚೀಕಲಪರ್ವಿಯಲ್ಲಿ ವಿಜಯದಾಸರೂ ಬ್ಯಾಗವಾಟದಲ್ಲಿ ಜಗನ್ನಾಥದಾಸರೂ, ದೇವದುರ್ಗ ಸೀಮೆಯ ಮೊಸರಕಲ್ಲಿನಲ್ಲಿ ಗೋಪಾಲದಾಸರೂ ಜನಿಸಿ ಹರಿದಾಸಸಾಹಿತ್ಯಕ್ಕೆ ಮರುಹುಟ್ಟು ಕೊಟ್ಟರು. ಅರಸರು ಬಯಸಿದ, ದಾಸರು ಹಾಡಿದ ಈ ನಾಡಿನಲ್ಲಿ, ಇಕ್ಕೆಲದಲ್ಲಿಯೂ ಮಹಾನದಿಗಳು ಹರಿಯುತ್ತಿರುವಾಗಲೂ, ಬೇಸಗೆ ಬಂದಿತೆಂದರೆ ಹೆಂಗಸರು ಕೊಡ ಹೊತ್ತು ಅಲೆಯುವುದು ಇಂದಿಗೂ ತಪ್ಪಿಲ್ಲ.

ನೀರು ಸಾಲದಿರುವುದು ಒಂದು ಕಷ್ಟ. ಸಿಕ್ಕ ನೀರನ್ನು ನಂಬಲಾಗದಿರುವುದು ಅದಕ್ಕಿಂತ ದಾರುಣವಾದ ಕಷ್ಟ. ರಾಯಚೂರು ಜಿಲ್ಲೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡು ಉಂಟು. ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರಿದ ಆ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಮೊದಲು ಕಂದುಗಟ್ಟುತ್ತದೆ, ಅನಂತರ ಕೀಲುಗಳು ಬಿಗಿಯುತ್ತವೆ, ಕಡೆಗೆ ಎಲುಬೇ ಬಾಗುತ್ತದೆ. ಹಟ್ಟಿಯ ಚಿನ್ನದ ಗಣಿಗಳ ಸೀಮೆಯಲ್ಲಿ ಚಿನ್ನದೊಡನೆಯೇ ಶಿಲೆಯಲ್ಲಿ ಅಡಗಿರುವ ಆರ್ಸೆನಿಕ್ ಎಂಬ ವಿಷ ಅಂತರ್ಜಲಕ್ಕೆ ಇಳಿದಿರುವುದು ಪರೀಕ್ಷೆಗಳಿಂದ ಸಿದ್ಧವಾಗಿದೆ. ಇನ್ನು ರಾಯಚೂರು ನಗರದಲ್ಲಿ, 2022ರ ಮೇ ತಿಂಗಳ ಕೊನೆಗೆ, ನಗರಸಭೆಯ ನಲ್ಲಿಯಲ್ಲಿ ಬಂದ ಕಲುಷಿತ ಜಲವನ್ನು ಕುಡಿದು ಹಲವರು ಪ್ರಾಣ ಕಳೆದುಕೊಂಡರು. ವಾಂತಿಭೇದಿಯಿಂದ ಆಸ್ಪತ್ರೆ ಸೇರಿದವರು ಬಹುಮಂದಿ.

ಇಂಥ ಕಡೆ, ತೊಂದರೆಗೊಳಗಾದವನೊಬ್ಬನು ಎದ್ದು ನಿಂತು ನ್ಯಾಯ ಕೇಳಬೇಕೆಂದರೆ ಯಾರನ್ನು ಕೇಳಬೇಕು? ನೀರಿನ ವ್ಯವಹಾರದಲ್ಲಿ ತಪ್ಪು ನಡೆಯುವ ಸ್ಥಳ ಒಂದು, ದಂಡ ತೆರುವ ಸ್ಥಳ ಮತ್ತೊಂದು. ಮೇಲ್ದಂಡೆಯಲ್ಲಿ ಸುರಿದದ್ದನ್ನು ಕೆಳದಂಡೆಯವನು ಕುಡಿಯುತ್ತಾನೆ. ಇನ್ನೂರು ಮೈಲಿ ಆಚೆಯ ಕಾರ್ಖಾನೆಯ ಹೆಸರೂ ಅವನಿಗೆ ತಿಳಿದಿರುವುದಿಲ್ಲ. ಅವನ ಗ್ರಾಮಪಂಚಾಯಿತಿಯ ಅಧಿಕಾರ ಅವನ ಊರಿನ ಗಡಿಗೆ ಮುಗಿಯುತ್ತದೆ, ಹೊಳೆ ಮುಗಿಯುವುದಿಲ್ಲ. ಆದುದರಿಂದಲೇ, ಇಡೀ ರಾಜ್ಯವನ್ನು ಒಂದು ಜಲಾನಯನವೆಂಬಂತೆ ಕಂಡು, ಮೇಲಿನವನ ಕೃತ್ಯವನ್ನೂ ಕೆಳಗಿನವನ ದುಃಖವನ್ನೂ ಒಂದೇ ಅರ್ಜಿಯಲ್ಲಿ ಬರೆಯಬಲ್ಲ ಜನ ಬೇಕಾಗುತ್ತದೆ. ಲಾಭವನ್ನು ಬಯಸದ ಪರಿಸರಸಂಸ್ಥೆಗಳಲ್ಲಿ ದುಡಿಯುವವರ ವಿಶೇಷ ಇದು ಎಂದು ನಾನು ಭಾವಿಸಿದ್ದೇನೆ. ಅವರನ್ನು ಗಿಡ ನೆಡುವವರೆಂದು ಮಾತ್ರ ತಿಳಿದವರು ಅವರ ಕೆಲಸದ ಅರ್ಧವನ್ನೂ ಕಂಡವರಲ್ಲ.

ಕರ್ನಾಟಕದಲ್ಲಿ ಈ ಬಗೆಯ ಕಾರ್ಯಕ್ಕೆ ಒಂದು ಪರಂಪರೆಯನ್ನು ಹಾಕಿಕೊಟ್ಟ ಸಂಸ್ಥೆಗಳಲ್ಲಿ ಧಾರವಾಡದ ಸಮಾಜ ಪರಿವರ್ತನ ಸಮುದಾಯ ಪ್ರಮುಖವಾದುದು. ಅಮೆರಿಕದ ಶಿಕಾಗೋ ನಗರದಲ್ಲಿ ಬ್ಯಾಂಕಿನ ಉದ್ಯೋಗದಲ್ಲಿದ್ದ ಎಸ್.ಆರ್. ಹಿರೇಮಠರು 1979ರಲ್ಲಿ ಅದನ್ನು ಬಿಟ್ಟು, ಅಮೆರಿಕದಲ್ಲಿ ಹುಟ್ಟಿ ಶ್ಯಾಮಲಾ ಎಂಬ ಹೆಸರಿನಿಂದ ಕನ್ನಡನಾಡಿನವರಾದ ಪತ್ನಿಯೊಡನೆ ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಗೆ ಬಂದು ಗ್ರಾಮಸೇವೆಯಲ್ಲಿ ತೊಡಗಿದರು. 1984ರಲ್ಲಿ ಈ ಸಂಸ್ಥೆ ರೂಪುಗೊಂಡಿತು. ತುಂಗಭದ್ರೆಯ ದಂಡೆಯ ಕುಮಾರಪಟ್ಟಣದಲ್ಲಿದ್ದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯ ತ್ಯಾಜ್ಯದಿಂದ ಹೊಳೆಯ ಮೀನು ಸತ್ತು ತೇಲುತ್ತಿದ್ದ ಕಾಲ ಅದು. ಸತ್ತ ಮೀನು ಕಣ್ಣಿಗೆ ಕಾಣುತ್ತದೆ. ಆದರೆ ಕಂಡದ್ದು ಸಾಕ್ಷ್ಯವಾಗಬೇಕಾದರೆ ನೀರನ್ನು ಸೀಸೆಗೆ ತುಂಬಬೇಕು, ತಜ್ಞರಿಂದ ಪರೀಕ್ಷೆ ಮಾಡಿಸಬೇಕು, ದಂಡೆಯ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ವಿಚಾರಿಸಬೇಕು. ಆ ಕೆಲಸವನ್ನು ಅವರು ಮಾಡಿದರು. ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು.

ಅದೇ ಕಾಲಕ್ಕೆ ಸರ್ಕಾರವು ಆ ಕಾರ್ಖಾನೆಯೊಡನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿಯನ್ನು ಸ್ಥಾಪಿಸಿ, ಹಲವು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಗೋಮಾಳ ಮತ್ತು ಸಾಮುದಾಯಿಕ ಭೂಮಿಯನ್ನು ನೀಲಗಿರಿಯ ತೋಪುಗಳಿಗಾಗಿ ಒಪ್ಪಿಸಲು ಹೊರಟಿತು. ಡಾ. ಶಿವರಾಮ ಕಾರಂತರು ಈ ಸಂಸ್ಥೆಯೊಡನೆ ನಿಂತು ಸರ್ವೋಚ್ಚ ನ್ಯಾಯಾಲಯದಲ್ಲಿ ಅರ್ಜಿದಾರರಾದರು. 1987ರ ನವೆಂಬರ್ 14ರಂದು ಧಾರವಾಡ ಸೀಮೆಯ ಕುಸನೂರಿನಲ್ಲಿ ಹಳ್ಳಿಗರು ಸಹಸ್ರ ಸಂಖ್ಯೆಯಲ್ಲಿ ನೆರೆದು, ನೀಲಗಿರಿಯ ಸಸಿಗಳನ್ನು ಕಿತ್ತು ಆ ಗುಂಡಿಗಳಲ್ಲಿಯೇ ತಮಗೆ ಬೇಕಾದ ಮರಗಳ ಸಸಿಗಳನ್ನು ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಎಂಬ ಆ ಸತ್ಯಾಗ್ರಹದ ಹೆಸರೇ ಉತ್ತರ ಕರ್ನಾಟಕದ ಹೊಲದಿಂದ ಎದ್ದು ಬಂದದ್ದು. ಅಲ್ಲಿ ಸಸಿಯನ್ನು ನೆಡುವುದಿಲ್ಲ, ಹಚ್ಚುತ್ತಾರೆ. 1991ರಲ್ಲಿ ಸರ್ಕಾರ ಆ ಕಂಪನಿಯನ್ನು ಮುಚ್ಚುವ ನಿರ್ಧಾರ ಕೈಗೊಂಡಿತು.

ಇವೆಲ್ಲ ಧಾರವಾಡ ಸೀಮೆಯ ಕತೆಯಾಯಿತು, ರಾಯಚೂರಿಗೆ ಇದರಿಂದೇನು ಎಂದು ಓದುಗರು ಕೇಳಬಹುದು. ಕುಮಾರಪಟ್ಟಣದಲ್ಲಿ ಹೊಳೆಗೆ ಬಿದ್ದದ್ದು ಹೊಸಪೇಟೆಯ ಜಲಾಶಯಕ್ಕೆ ಬರುತ್ತದೆ. ಆ ಜಲಾಶಯದಿಂದ ಹೊರಡುವ 227 ಕಿಲೋಮೀಟರ್ ಉದ್ದದ ಎಡದಂಡೆ ನಾಲೆಯ ಕೊನೆಯಲ್ಲಿ ಮಾನ್ವಿಯೂ ರಾಯಚೂರೂ ಇವೆ. 1953ರಲ್ಲಿ ನೀರು ಬಿಟ್ಟಾಗ ಆ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿ. ಈಗ ಹೂಳು ತುಂಬಿ ಉಳಿದಿರುವುದು ಸುಮಾರು 105.8 ಟಿಎಂಸಿ. ಈ ಹೂಳೆಲ್ಲ ಬಳ್ಳಾರಿಯ ಗಣಿಗಳಿಂದಲೇ ಬಂದಿತೆನ್ನುವುದು ಸತ್ಯಕ್ಕೆ ದೂರ. ಕಾಡು ಕಡಿದ ಮಲೆನಾಡಿನ ಇಳಿಜಾರುಗಳಿಗೂ, ಬದುವಿಲ್ಲದ ಹೊಲಗಳಿಗೂ ಅದರಲ್ಲಿ ಪಾಲುಂಟು. ಆದರೆ ಗುಡ್ಡವನ್ನು ಬಗೆದು ಮಣ್ಣನ್ನು ಹಳ್ಳಕ್ಕೆ ಸುರಿಯುವ ಗಣಿಯನ್ನು ಕೇಳುವವರೇ ಇರಲಿಲ್ಲವೆಂಬುದು ದಿಟ. ಅದನ್ನು ಕೇಳಿದವರು ಇದೇ ಸಂಸ್ಥೆಯವರು. 2009ರಲ್ಲಿ ಅವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು; ಅಕ್ರಮ ಗಣಿಗಾರಿಕೆಯನ್ನು ಕುರಿತ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ 2011ರ ಜುಲೈನಲ್ಲಿ ಸಲ್ಲಿಕೆಯಾಯಿತು; ಅದೇ ತಿಂಗಳ 29ರಂದು ಬಳ್ಳಾರಿಯ ಗಣಿಗಾರಿಕೆ ನ್ಯಾಯಾಲಯದ ಆಜ್ಞೆಯಿಂದ ನಿಂತಿತು. ಗಣಿಗುತ್ತಿಗೆಗಳ ಗಡಿಯನ್ನೆಲ್ಲ ಅಳೆಯಿಸಿ, ಅತಿಕ್ರಮಣದ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಲಾಯಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ‘ಸಿ’ ವರ್ಗದ ಗುತ್ತಿಗೆಗಳು ರದ್ದಾದುವು.

ಗಣಿ ನಿಂತಾಗ ಲಾರಿ ನಡೆಸುತ್ತಿದ್ದವರೂ ಅದಿರು ಹೊರುತ್ತಿದ್ದ ಕೂಲಿಗಳೂ ಕೆಲಸ ಕಳೆದುಕೊಂಡರೆಂಬುದನ್ನು ಮರೆಯಬಾರದು. ಪರಿಸರಕ್ಕಾಗಿ ವಾದಿಸುವವರು ಈ ಮಾತಿಗೆ ಉತ್ತರ ಹೇಳಲೇಬೇಕು. ನನ್ನ ಮಟ್ಟಿಗೆ, ಲೂಟಿಯ ಮೇಲೆ ನಿಂತ ಕೂಲಿ ಲೂಟಿಯೊಡನೆಯೇ ಕುಸಿಯುವುದು ಅನಿವಾರ್ಯವಾಗಿತ್ತು. ಆದರೆ ಆ ಕುಸಿತದ ಭಾರ ಬಡವನ ಬೆನ್ನಿನ ಮೇಲೆ ಮೊದಲು ಬಿದ್ದಿತೆಂಬುದು ಯಾರಿಗೂ ಸಮಾಧಾನದ ಸಂಗತಿಯಲ್ಲ.

ಮಾನ್ವಿಯ ಕಡೆ ಹೋದವರಿಗೆ ‘ಕೊನೆಭಾಗದ ರೈತರು’ ಎಂಬ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಮೈಲ್ 69ರಲ್ಲಿ ನೀರಿನ ಮಟ್ಟ ಎಷ್ಟು, ಮೈಲ್ 104ರಲ್ಲಿ ಎಷ್ಟು ಎಂದು ಅಲ್ಲಿನ ರೈತ ನಾಡಿ ಹಿಡಿದಂತೆ ವಿಚಾರಿಸುತ್ತಿರುತ್ತಾನೆ. ಜೋಳ, ಹತ್ತಿಗಳಂಥ ಅರೆನೀರಾವರಿ ಬೆಳೆಗಳಿಗೆಂದು ಯೋಜಿಸಿದ ನಾಲೆಯ ಮೇಲ್ಭಾಗದಲ್ಲಿ ಗದ್ದೆಯ ಮೇಲೆ ಗದ್ದೆ ಭತ್ತಕ್ಕೆ ತಿರುಗಿದ್ದರಿಂದ, ಕೊನೆಭಾಗಕ್ಕೆ ತಲಪುವ ನೀರು ಎಂದಿಗೂ ಲೆಕ್ಕಕ್ಕೆ ಸರಿಹೋಗಲಿಲ್ಲ. ಹೂಳು ಇದ್ದುದನ್ನೂ ಕಡಿಮೆ ಮಾಡಿತು. ರಾಯಚೂರು ನಗರದ ಕುಡಿಯುವ ನೀರಿಗೂ ಈ ನಾಲೆ ಒಂದು ಆಧಾರವಾದ್ದರಿಂದ, ಗಣಿಗಳಿರುವ ಸಂಡೂರಿನ ಗುಡ್ಡಕ್ಕೂ ರಾಯಚೂರಿನ ಬಿಂದಿಗೆಗೂ ಇರುವ ಸಂಬಂಧ ಬರಿಯ ಮಾತಿನದಲ್ಲ. ರಾಯಚೂರಿನ ರಾಘವೇಂದ್ರ ಕುಷ್ಟಗಿಯವರಂಥ ಕಾರ್ಯಕರ್ತರು ಜನಸಂಗ್ರಾಮ ಪರಿಷತ್ತೆಂಬ ಸಂಘಟನೆಯ ಮೂಲಕ ಹಿರೇಮಠರೊಡನೆ ಕೂಡಿ ದುಡಿದುದರಲ್ಲಿ ಈ ಸಂಬಂಧದ ಅರಿವಿತ್ತು.

ಇಂಥ ಸಂಸ್ಥೆಗಳಲ್ಲಿ ದುಡಿಯುವವರ ದಿನಚರಿ ಹೇಗಿರುತ್ತದೆ? ಧರಣಿ, ಘೋಷಣೆ, ಭಾಷಣಗಳ ಚಿತ್ರವಷ್ಟೆ ಪತ್ರಿಕೆಗಳಲ್ಲಿ ಬರುತ್ತದೆ. ಬಹುಪಾಲು ಕೆಲಸ ಕಾಗದದ್ದು, ಮತ್ತು ನಡಿಗೆಯದು. ನೀರಿನ ಮಾದರಿ ತರುವ ಕೆಲಸವನ್ನೇ ನೋಡಿ. ಸೀಸೆಯನ್ನು ಅದೇ ನೀರಿನಿಂದ ಎರಡು ಮೂರು ಸಲ ತೊಳೆದು ತುಂಬಬೇಕು. ಸ್ಥಳ, ದಿನ, ಹೊತ್ತುಗಳನ್ನು ಆಗಲೇ ಬರೆದು ಅಂಟಿಸಬೇಕು. ರೋಗಾಣುವಿನ ಪರೀಕ್ಷೆಗಾದರೆ ಕ್ರಿಮಿಶುದ್ಧ ಮಾಡಿದ ಸೀಸೆಯೇ ಬೇಕು, ಅದನ್ನು ತೊಳೆಯಲಾಗದು, ಮಂಜುಗಡ್ಡೆಯಲ್ಲಿಟ್ಟು ಒಂದು ದಿನದೊಳಗಾಗಿ ಪ್ರಯೋಗಶಾಲೆಗೆ ಮುಟ್ಟಿಸಬೇಕು. ದೇವದುರ್ಗದ ಒಳಹಳ್ಳಿಯಿಂದ, ಮೇ ತಿಂಗಳ ಬಿಸಿಲಿನಲ್ಲಿ, ದಿನಕ್ಕೆ ಎರಡೋ ಮೂರೋ ಬಸ್ಸು ಓಡುವ ದಾರಿಯಲ್ಲಿ ಇದನ್ನು ನೆರವೇರಿಸುವುದೆಂದರೆ ಏನೆಂಬುದನ್ನು ಆ ಸೀಮೆಯ ಬಿಸಿಲು ಕಂಡವರು ಊಹಿಸಬಲ್ಲರು. ವರದಿ ಬಂದ ಮೇಲೆ ಅದರೊಡನೆ ಅರ್ಜಿ. ಅರ್ಜಿಗೆ ಟಪಾಲಿನಲ್ಲಿ ಮೊಹರು. ಮೊಹರಾದ ಪ್ರತಿಯನ್ನು ಜೋಪಾನ ಮಾಡುವುದು. ಕಚೇರಿಯಿಂದ ಹಿಂಬರಹ ಬಾರದಿದ್ದರೆ ಜ್ಞಾಪನ ಪತ್ರ. ಹತ್ತು ವರ್ಷದ ಬಳಿಕ ನ್ಯಾಯಾಲಯ ಕೇಳುವುದು ಈ ಮೊಹರಾದ ಕಾಗದವನ್ನೇ.

ಅದಕ್ಕಿಂತ ಸೂಕ್ಷ್ಮವಾದ ಕೆಲಸ ಇನ್ನೊಂದುಂಟು: ಜನರ ಮಾತನ್ನು ಸರ್ಕಾರದ ಭಾಷೆಗೂ ಸರ್ಕಾರದ ಭಾಷೆಯನ್ನು ಜನರ ಮಾತಿಗೂ ತರುವುದು. ‘ಈ ನೀರಾಗ ಬ್ಯಾಳಿ ಬೇಯಂಗಿಲ್ರಿ ಯಪ್ಪಾ’ ಎಂದು ಮುದುಕಿಯೊಬ್ಬಳು ಹೇಳುವಳೆನ್ನಿ. ಅದು ನೀರಿನ ಗಡಸುತನದ ಕುರಿತ ಒಂದು ಸಾಕ್ಷ್ಯ. ಬರೆಯುವವನು ಅದನ್ನು ತಿರುಚದೆ, ಅಲಕ್ಷಿಸದೆ, ಅಂಕಿಯೊಂದರ ಪಕ್ಕದಲ್ಲಿ ಕೂರಿಸಬೇಕು. ದೊಡ್ಡ ಉದ್ಯಮವೊಂದು ಬರುವ ಮುನ್ನ ನಡೆಯುವ ಸಾರ್ವಜನಿಕ ಅಹವಾಲು ಸಭೆಯಲ್ಲಿಯೂ ಇದೇ ಕೌಶಲ ಬೇಕು. ಉದ್ಯಮಗಳ ಪರಿಸರ ಪರಿಣಾಮವನ್ನು ಕುರಿತ 2006ರ ಅಧಿಸೂಚನೆಯ ಪ್ರಕಾರ ಆ ಸಭೆಗೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ಹೊರಡಬೇಕು, ಯೋಜನೆಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ದೊರೆಯಬೇಕು, ಸಭೆಯ ಕೊನೆಗೆ ಜನರ ಆಕ್ಷೇಪಗಳನ್ನೆಲ್ಲ ಅವರೆದುರಿಗೆ ಅವರ ಭಾಷೆಯಲ್ಲಿ ಓದಿ ಹೇಳಬೇಕು. ಕೊನೆಯದನ್ನು ಎಷ್ಟು ಮಂದಿ ಬಲ್ಲರು? ಪೆಂಡಾಲು ಬಿಚ್ಚುವ ಗಡಿಬಿಡಿಯಲ್ಲಿ ‘ಕನ್ನಡದಾಗ ಓದ್ರಿ, ಕೇಳತೀವಿ’ ಎಂದು ಪಟ್ಟು ಹಿಡಿದು ಕುಳಿತುಕೊಳ್ಳುವುದಕ್ಕೆ ಆ ನಿಯಮವನ್ನು ಬಲ್ಲ ಒಬ್ಬನಾದರೂ ಸಭೆಯಲ್ಲಿರಬೇಕು.

ರಾಯಚೂರಿಗೆ ಇಂಥವರ ಅಗತ್ಯ ಹಿಂದೆಯೂ ಇತ್ತು, ಮುಂದೆಯೂ ಇದೆ. 1985ರಲ್ಲಿ ಮೊದಲ ಘಟಕದಿಂದ ಆರಂಭವಾದ ಶಕ್ತಿನಗರದ ಶಾಖೋತ್ಪನ್ನ ಕೇಂದ್ರ ಎಂಟು ಘಟಕಗಳಾಗಿ 1,720 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆಯಿತು; ಯರಮರಸ್‌ನಲ್ಲಿ 800 ಮೆಗಾವಾಟ್‌ನ ಎರಡು ಘಟಕಗಳು ಬಂದುವು. ರಾಜ್ಯದ ಎಷ್ಟೋ ಮನೆಗಳ ದೀಪ ಇಲ್ಲಿಂದ ಉರಿದಿದೆ. ಆದರೆ ನಮ್ಮ ದೇಶದ ಕಲ್ಲಿದ್ದಲಿನಲ್ಲಿ ನೂರಕ್ಕೆ ಮೂವತ್ತು ನಲವತ್ತು ಪಾಲು ಬೂದಿಯೇ. ಬೆಳಕು ಬೆಂಗಳೂರಿಗೆ ಹೋದರೂ ಬೂದಿ ರಾಯಚೂರಿನಲ್ಲಿಯೇ ಉಳಿಯುತ್ತದೆ. ಹಾರುಬೂದಿ ಸಿಮೆಂಟಿಗೂ ಇಟ್ಟಿಗೆಗೂ ಹೋಗುವಷ್ಟು ಹೋಗುತ್ತದೆ, ಉಳಿದದ್ದು ಹೊಂಡ ಸೇರುತ್ತದೆ. ಆ ಹೊಂಡದ ಸುತ್ತಲಿನ ಹೊಲದವನ ಪರವಾಗಿ ಮಾತನಾಡುವುದು ವಿದ್ಯುತ್ತಿನ ವಿರೋಧವಾಗಲಾರದು.

ದೇವದುರ್ಗದ ಕೃಷ್ಣಾತೀರದಲ್ಲಿಯೂ ಮಾನ್ವಿಯ ತುಂಗಭದ್ರಾತೀರದಲ್ಲಿಯೂ ಬೇರೊಂದು ಬಗೆಯ ಗಣಿ ಇದೆ: ಮರಳಿನದು. ಮರಳು ಹೊಳೆಯ ಸ್ಪಂಜು. ಅದನ್ನು ಬರಿದುಮಾಡಿದರೆ ದಂಡೆಯ ಬಾವಿಗಳ ನೀರು ಕೆಳಗಿಳಿಯುತ್ತದೆ. 2018ರ ಡಿಸೆಂಬರಿನಲ್ಲಿ ಮಾನ್ವಿ ತಾಲ್ಲೂಕಿನಲ್ಲಿ ಅಕ್ರಮ ಮರಳಿನ ಲಾರಿಯನ್ನು ತಡೆಯಹೋದ ಗ್ರಾಮಲೆಕ್ಕಿಗರೊಬ್ಬರ ಮೇಲೆ ಆ ಲಾರಿಯೇ ಹರಿದು ಅವರು ಮೃತರಾದರು. ಸರ್ಕಾರದ ಅಧಿಕಾರವಿದ್ದವನಿಗೇ ಈ ಗತಿಯಾದ ಮೇಲೆ, ಯಾವ ಅಧಿಕಾರವೂ ಇಲ್ಲದೆ ಬರಿಯ ಸೀಸೆ, ಕಾಗದಗಳನ್ನು ಹಿಡಿದು ಅದೇ ದಂಡೆಗೆ ಹೋಗುವವರ ಧೈರ್ಯವನ್ನು ನಾವು ಸಣ್ಣದೆಂದು ಎಣಿಸಲಾಗದು.

ಧೈರ್ಯ ದೊಡ್ಡ ಊರಿನ, ದೊಡ್ಡ ವಿದ್ಯೆಯ ಸೊತ್ತೇನೂ ಆಗಿಲ್ಲ. ಮಾನ್ವಿ ಸೀಮೆಯ ಪೋತ್ನಾಳದಲ್ಲಿ 1999ರಲ್ಲಿ ಕೂಡಿಕೊಂಡ ದಲಿತ ಕೂಲಿಹೆಂಗಸರ ಜಾಗೃತ ಮಹಿಳಾ ಸಂಘಟನೆ ಕೂಲಿಯ ನ್ಯಾಯವನ್ನೂ ಮನೆಯ ನ್ಯಾಯವನ್ನೂ ಕೇಳುತ್ತ, ಜೊತೆಜೊತೆಗೆ ಬೇವಿನ ಬೀಜವನ್ನು ಆಯ್ದು ಗೊಬ್ಬರ ಮಾಡುವ, ಗಿಡಮೂಲಿಕೆಯ ಔಷಧ ಕಟ್ಟುವ ಕೆಲಸವನ್ನು ಕೈಗೆತ್ತಿಕೊಂಡಿತು. ಔಷಧಿ ಹೊಡೆದ ಭತ್ತದ ಗದ್ದೆಯ ಕೆಸರಿನಲ್ಲಿ ಬರಿಗಾಲಿನಲ್ಲಿ ನಿಲ್ಲುವವರು ಅವರೇ ಆದುದರಿಂದ, ಬೇವಿನ ಹಿಂಡಿಗೂ ಅಂಗಡಿಯ ವಿಷಕ್ಕೂ ಇರುವ ಅಂತರವನ್ನು ಅವರಿಗೆ ಯಾವ ತಜ್ಞನೂ ತಿಳಿಸಿಕೊಡಬೇಕಾಗಿರಲಿಲ್ಲ. ಪರಿಸರವೆಂಬ ಮಾತನ್ನು ಅವರು ಬಳಸಿರಲಿ ಬಿಡಲಿ, ಧಾರವಾಡದ ಅರ್ಜಿಯೂ ಪೋತ್ನಾಳದ ಬೇವೂ ಒಂದೇ ಕಾರ್ಯದ ಎರಡು ಕೊನೆಗಳೆಂದು ನಾನು ತಿಳಿದಿದ್ದೇನೆ.

ಈ ಜನರ ಸಂಖ್ಯೆ ಅಲ್ಪ, ಸಂಬಳ ಅಲ್ಪ. ಒಂದು ಮೊಕದ್ದಮೆ ಮುಗಿಯುವುದರೊಳಗೆ ಒಬ್ಬನ ಯೌವನ ಮುಗಿಯುತ್ತದೆ. ಮೂರು ತಾಲ್ಲೂಕುಗಳ ಪ್ರತಿಯೊಂದು ಬಾವಿಯ ಬಳಿಗೂ ಅವರು ಬರಲಾರರು. ಆದುದರಿಂದ ರಾಯಚೂರು, ದೇವದುರ್ಗ, ಮಾನ್ವಿಗಳಲ್ಲಿರುವ ಅಕ್ಷರಸ್ಥ ಬಂಧುಗಳಲ್ಲಿ ನನ್ನದೊಂದು ಪ್ರಾರ್ಥನೆ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ವಿಷಯ ಒಂದೇ ಇರಬೇಕು, ಬರಹ 150 ಪದಗಳನ್ನು ಮೀರಬಾರದು. ಉತ್ತರಕ್ಕೆ 30 ದಿನದ ಅವಧಿ. ನಿಮ್ಮ ಓಣಿಯ ನಲ್ಲಿಯ ಅಥವಾ ಕೊಳವೆಬಾವಿಯ ನೀರನ್ನು ಕಡೆಯ ಬಾರಿ ಪರೀಕ್ಷಿಸಿದ್ದು ಯಾವಾಗ, ಅದರಲ್ಲಿ ಕಂಡದ್ದೇನು ಎಂದು ಈ ಬೇಸಗೆಗೆ ಮುನ್ನ ಒಂದು ಅರ್ಜಿಯನ್ನು ಬರೆಯಿರಿ. ಬರೆಯಲು ಬಾರದ ನೆರೆಯವನಿಗಾಗಿ ಇನ್ನೊಂದನ್ನು ಬರೆದುಕೊಡಿ. ಮೊಹರಾದ ಪ್ರತಿಯನ್ನು ಕಳೆಯದೆ ಇಟ್ಟುಕೊಳ್ಳಿ.