ಒಂದೇ ಸೇಬಿನ ಗಿಡ ನೆಟ್ಟರೆ ಹಣ್ಣು ಸಿಗುತ್ತದೆಯೇ? ಫಾರ್ವರ್ಡ್ ಸಂದೇಶ ಹೇಳದ ‘ಜೋಡಿ ಗಿಡ’ದ ಲೆಕ್ಕ

“ಕಾಶ್ಮೀರ ಬೇಡ, ಶಿಮ್ಲಾ ಬೇಡ. 45 ಡಿಗ್ರಿ ಬಿಸಿಲಲ್ಲೂ ಸೇಬು! ಮನೆ ಮುಂದೆ ಒಂದು ಸಸಿ ನೆಟ್ಟರೆ ಸಾಕು, ಎರಡೇ ವರ್ಷದಲ್ಲಿ ಬುಟ್ಟಿ ತುಂಬ ಹಣ್ಣು.” ಇಂಥ ಧಾಟಿಯ ಸಂದೇಶ ನಿಮ್ಮ ವಾಟ್ಸ್ಆ್ಯಪ್ ಗುಂಪಿಗೂ ಬಂದಿರಬಹುದು. ಜೊತೆಗೆ ಕೆಂಪು ಹಣ್ಣು ಜೋತುಬಿದ್ದ ಗಿಡದ ಫೋಟೊ, ಕೆಳಗೆ ಸಸಿ ಮಾರುವವರ ಫೋನ್ ನಂಬರ್.

ರಾಯಚೂರು ಜಿಲ್ಲೆ ಮಾನ್ವಿ ತಾಲ್ಲೂಕಿನ ಕುರ್ಡಿಯಂಥ ಊರಿನಲ್ಲಿ ಇದನ್ನು ಓದಿದವರಿಗೆ ಆಸೆಯಾಗುವುದು ಸಹಜ. ಸುತ್ತಲೂ ಹತ್ತಿ, ಭತ್ತ, ತೊಗರಿ, ಮೆಣಸಿನಕಾಯಿ. ಅದರ ನಡುವೆ ನಮ್ಮ ಹಿತ್ತಲಲ್ಲೂ ಸೇಬು ಬಿಟ್ಟರೆ ಯಾರಿಗೆ ಬೇಡ? ಆದರೆ ಸಸಿಗೆ ದುಡ್ಡು ಕೊಟ್ಟು, ಮೂರು ಬೇಸಿಗೆ ನೀರು ಹೊತ್ತು ಹಾಕಿದ ಮೇಲೆ ಗಿಡ ಹೂ ಬಿಟ್ಟು, ಹೂವೆಲ್ಲ ಉದುರಿ, ಒಂದೂ ಕಾಯಿ ನಿಲ್ಲದೆ ಹೋದರೆ? “ಇದು ಗೊಡ್ಡು ಗಿಡ” ಎಂದು ಕಡಿದು ಹಾಕುವವರೇ ಹೆಚ್ಚು. ಅನೇಕ ಸಲ ಆ ಗಿಡದಲ್ಲಿ ಯಾವ ದೋಷವೂ ಇರುವುದಿಲ್ಲ. ಅದಕ್ಕೆ ಜೊತೆ ಇರುವುದಿಲ್ಲ, ಅಷ್ಟೇ.

ಚುಟುಕಾಗಿ ಹೇಳುವುದಾದರೆ

ಬಹುತೇಕ ಸೇಬಿನ ತಳಿಗಳು ತಮ್ಮದೇ ಪರಾಗದಿಂದ ಚೆನ್ನಾಗಿ ಕಾಯಿ ಕಟ್ಟುವುದಿಲ್ಲ. ಹತ್ತಿರದಲ್ಲಿ ಬೇರೆ ತಳಿಯ ಇನ್ನೊಂದು ಸೇಬಿನ ಗಿಡ ಇರಬೇಕು, ಎರಡೂ ಒಂದೇ ಸಮಯಕ್ಕೆ ಹೂ ಬಿಡಬೇಕು, ನಡುವೆ ಜೇನು ಓಡಾಡಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಫೋಟೊದಲ್ಲಿರುವ ಬುಟ್ಟಿ ಫೋಟೊದಲ್ಲೇ ಉಳಿಯುತ್ತದೆ.

ಸಂದೇಶದಲ್ಲಿ ನಿಜ ಎಷ್ಟು?

ಪೂರ್ತಿ ಸುಳ್ಳಲ್ಲ. ಹಿಮಾಚಲ ಪ್ರದೇಶದ ಬಿಲಾಸ್‌ಪುರ ಜಿಲ್ಲೆಯ ಪನಿಯಾಲಾ ಗ್ರಾಮದ ರೈತ ಹರಿಮನ್ ಶರ್ಮಾ ಕಡಿಮೆ ಚಳಿಯಲ್ಲೂ ಹಣ್ಣು ಬಿಡುವ ಎಚ್‌ಆರ್‌ಎಂಎನ್-99 ಎಂಬ ತಳಿಯನ್ನು ಬೆಳೆಸಿದರು. ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ ಅದನ್ನು ಹಲವು ರಾಜ್ಯಗಳಿಗೆ ತಲುಪಿಸಿತು. 2025ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮ ರಾಜ್ಯದ ಉದಾಹರಣೆಯೂ ಇದೆ. ಬಾಗಲಕೋಟೆ ಜಿಲ್ಲೆಯ ಕುಳಲಿ ಗ್ರಾಮದ ಶ್ರೀಶೈಲ ತೇಲಿ ಅವರು ಬಯಲುಸೀಮೆಯಲ್ಲಿ ಸೇಬು ಬೆಳೆದದ್ದನ್ನು ಪ್ರಧಾನಿ 2025ರ ಏಪ್ರಿಲ್‌ನ ‘ಮನ್ ಕಿ ಬಾತ್’ನಲ್ಲಿ ಹೆಸರಿಸಿ ಹೇಳಿದರು.

ಅಂದರೆ ಬಿಸಿಲು ನಾಡಿನಲ್ಲಿ ಸೇಬು ಬಿಟ್ಟಿದೆ, ನಿಜ. “ಒಂದು ಸಸಿ ನೆಟ್ಟರೆ ಸಾಕು” ಎಂಬ ಮಾತು ಮಾತ್ರ ಅದರಿಂದ ಸಾಬೀತಾಗುವುದಿಲ್ಲ.

ಹೂ ಬಿಟ್ಟರೂ ಕಾಯಿ ಏಕೆ ನಿಲ್ಲುವುದಿಲ್ಲ?

ಸೇಬಿನ ಒಂದೇ ಹೂವಿನಲ್ಲಿ ಗಂಡು ಭಾಗವೂ ಇರುತ್ತದೆ, ಹೆಣ್ಣು ಭಾಗವೂ ಇರುತ್ತದೆ. ಹಾಗಿದ್ದರೆ ತನ್ನ ಪರಾಗ ತನಗೇ ಸಾಲದೇ? ಇಲ್ಲಿ ಗಿಡವೇ ಒಂದು ಕಾವಲು ಇಟ್ಟುಕೊಂಡಿದೆ. ನಮ್ಮ ಕಡೆ ಒಂದೇ ಬೆಡಗಿನವರ ನಡುವೆ ಹೆಣ್ಣು ಕೊಟ್ಟು ತರುವುದಿಲ್ಲವಲ್ಲ, ಹೆಚ್ಚು ಕಡಿಮೆ ಹಾಗೆ.

ಪರಾಗದ ಕಣ ಹೂವಿನ ತುದಿಗೆ ಅಂಟಿದ ಮೇಲೆ ಅದರಿಂದ ಸಣ್ಣ ಕೊಳವೆಯೊಂದು ಒಳಗೆ ಬೆಳೆದು ಬೀಜವಾಗುವ ಜಾಗಕ್ಕೆ ತಲುಪಬೇಕು. ಪ್ರತಿ ಕಣದಲ್ಲಿ ‘ಎಸ್’ ಎಂದು ಕರೆಯುವ ಜೀನಿನ ಒಂದು ಗುರುತು ಇರುತ್ತದೆ. ಹೂವಿನ ಹೆಣ್ಣು ಭಾಗದಲ್ಲಿ ಅಂಥ ಎರಡು ಗುರುತುಗಳಿರುತ್ತವೆ. ಬಂದ ಕಣದ ಗುರುತು ಆ ಎರಡರಲ್ಲಿ ಒಂದಕ್ಕೆ ಹೊಂದಿದರೆ “ಇದು ನಮ್ಮದೇ” ಎಂದು ತಿಳಿದು ಹೂವು ಆ ಕೊಳವೆಯನ್ನು ಅರ್ಧದಲ್ಲೇ ತಡೆಯುತ್ತದೆ. ಗುರುತು ಬೇರೆಯಾಗಿದ್ದರೆ ದಾರಿ ಬಿಡುತ್ತದೆ.

ಇದರ ಸಾಕ್ಷಿ ನಿಮ್ಮ ಅಡುಗೆಮನೆಯಲ್ಲೇ ಇದೆ. ಪೇಟೆಯಿಂದ ತಂದ ಸೇಬನ್ನು ಅಡ್ಡಕ್ಕೆ ಕೊಯ್ದು ನೋಡಿ. ಐದು ಕೋಣೆಗಳ ನಕ್ಷತ್ರ ಕಾಣುತ್ತದೆ. ಸಾಮಾನ್ಯವಾಗಿ ಕೋಣೆಗೆ ಎರಡರಂತೆ ಹತ್ತು ಬೀಜಗಳಿಗೆ ಜಾಗ. ಬೀಜ ಕಟ್ಟದ ಕಡೆ ಹಣ್ಣು ಸರಿಯಾಗಿ ಉಬ್ಬದೆ ಸೊಟ್ಟಗಾಗುವುದುಂಟು. ಬೀಜ ತೀರಾ ಕಡಿಮೆಯಾದರೆ ಗಿಡ ಆ ಕಾಯಿಯನ್ನು ಎಳೆಯದರಲ್ಲೇ ಉದುರಿಸಿಬಿಡುತ್ತದೆ.

ಹಾಗಾದರೆ ಎರಡು ಗಿಡ ನೆಟ್ಟರೆ ಆಯಿತಲ್ಲ?

ಇಲ್ಲೇ ಹೆಚ್ಚಿನವರು ಎಡವುವುದು. ನರ್ಸರಿಯ ಸೇಬಿನ ಸಸಿಗಳು ಕಸಿ ಸಸಿಗಳು. ಒಂದು ತಾಯಿ ಮರದ ಕಡ್ಡಿ ತಂದು ಬೇರೆ ಬೇರಿನ ಮೇಲೆ ಕೂರಿಸಿರುತ್ತಾರೆ. ಹಾಗಾಗಿ ‘ಅನ್ನಾ’ ಎಂಬ ತಳಿಯ ಹತ್ತು ಸಸಿ ತಂದರೂ ಜೀನಿನ ಲೆಕ್ಕದಲ್ಲಿ ಅವು ಒಂದೇ ಮರದ ಹತ್ತು ಕೊಂಬೆಗಳು. ಒಂದರ ಪರಾಗ ಇನ್ನೊಂದಕ್ಕೆ ಪರಕೀಯ ಅನ್ನಿಸುವುದೇ ಇಲ್ಲ. ಗಿಡದ ಸಂಖ್ಯೆ ಎರಡಾದರೆ ಸಾಲದು, ತಳಿಯ ಹೆಸರೂ ಎರಡಾಗಬೇಕು.

ಹಿಮಾಚಲದ ದೊಡ್ಡ ತೋಟಗಳಿಗೂ ಇದೇ ನಿಯಮ. ಅಲ್ಲಿ ಕೆಂಪು ಡೆಲಿಷಿಯಸ್ ಮರಗಳ ನಡುವೆ ಗೋಲ್ಡನ್ ಡೆಲಿಷಿಯಸ್‌ನಂಥ ಬೇರೆ ತಳಿಯ ಮರಗಳನ್ನು ಪರಾಗಕ್ಕೆಂದೇ ನೆಡುತ್ತಾರೆ.

‘ಗಂಡು ಸಸಿ’ ಬೇಕೇ?

ಬೇಡ. ಸೇಬಿನಲ್ಲಿ ಪಪ್ಪಾಯದ ಹಾಗೆ ಗಂಡು ಗಿಡ, ಹೆಣ್ಣು ಗಿಡ ಎಂಬ ಭೇದವಿಲ್ಲ. ಜೋಡಿ ಗಿಡವೂ ಹಣ್ಣು ಕೊಡುತ್ತದೆ. ಅದು ಇದಕ್ಕೆ ಪರಾಗ ಕೊಟ್ಟರೆ, ಇದು ಅದಕ್ಕೆ. “ಸೇಬಿನ ಗಂಡು ಸಸಿ” ಎಂದು ಬೇರೆ ದರಕ್ಕೆ ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ.

‘ಆ್ಯಪಲ್ ಬೇರ್’ ಕೂಡ ಜೋಡಿಯಾಗದು. ಹೆಸರಲ್ಲಿ ಆ್ಯಪಲ್ ಇದ್ದರೂ ಅದು ನಮ್ಮ ಬಾರಿಹಣ್ಣಿನ ಜಾತಿ. ಸೇಬಿಗೆ ಸೇಬೇ ಆಗಬೇಕು.

ಯಾವುದಕ್ಕೆ ಯಾವುದು ಜೊತೆ?

ಬಿಸಿ ಪ್ರದೇಶಗಳಲ್ಲಿ ಹೆಸರಾದ ಜೋಡಿ ‘ಅನ್ನಾ’ ಮತ್ತು ‘ಡಾರ್ಸೆಟ್ ಗೋಲ್ಡನ್’. ಅನ್ನಾ ಇಸ್ರೇಲ್‌ನಲ್ಲಿ ಬೆಳೆಸಿದ ತಳಿ, ಹಣ್ಣಿಗೆ ಕೆಂಪು ಛಾಯೆ. ಡಾರ್ಸೆಟ್ ಗೋಲ್ಡನ್ ಸಿಕ್ಕಿದ್ದು ಬಹಾಮಾಸ್ ದ್ವೀಪದಲ್ಲಿ, ಹಣ್ಣು ಹಳದಿ. ಎರಡಕ್ಕೂ ಚಳಿ ಕಡಿಮೆ ಸಾಕು, ಹೂಬಿಡುವ ಕಾಲವೂ ಹೊಂದುತ್ತದೆ. ಒಂಟಿಯಾಗಿದ್ದರೂ ಇವು ನಾಲ್ಕಾರು ಕಾಯಿ ಕಟ್ಟುವುದುಂಟು, ಆದರೆ ಜೊತೆಯಿದ್ದಾಗ ಹೆಚ್ಚು ಕಾಯಿ ನಿಲ್ಲುತ್ತವೆ.

ಎಚ್‌ಆರ್‌ಎಂಎನ್-99 ಸ್ವಂತ ಪರಾಗದಿಂದಲೇ ಕಾಯಿ ಕಟ್ಟುತ್ತದೆ ಎಂದು ಅದನ್ನು ಹಂಚುವವರು ಹೇಳುತ್ತಾರೆ. ಒಂದೇ ಗಿಡಕ್ಕೆ ಜಾಗವಿದ್ದರೆ ಇದನ್ನು ಆರಿಸಬಹುದು. ಎರಡಕ್ಕೆ ಜಾಗವಿದ್ದರೆ ಪಕ್ಕದಲ್ಲಿ ಅನ್ನಾ ಅಥವಾ ಡಾರ್ಸೆಟ್ ನೆಡುವುದರಿಂದ ನಷ್ಟವಿಲ್ಲ.

ಹಿತ್ತಲಿನ ಅಳತೆಗೆ ಎರಡು ಗಿಡ ಸಾಕು. ನಡುವೆ 10–12 ಅಡಿ ಬಿಡಿ. ಐವತ್ತು ಅಡಿಗಿಂತ ದೂರವಾದಷ್ಟೂ ಜೇನು ಅಲ್ಲಿಂದ ಇಲ್ಲಿಗೆ ಪರಾಗ ತರುವ ಸಾಧ್ಯತೆ ಕುಗ್ಗುತ್ತದೆ. ಎಂಟು-ಹತ್ತು ಗಿಡ ಹಾಕುವವರು ಎರಡನೇ ತಳಿಯ ಎರಡು ಗಿಡಗಳನ್ನಾದರೂ ನಡುನಡುವೆ ಸೇರಿಸಬೇಕು.

ಪರಾಗ ಹೊರುವವರು ಯಾರು?

ಸೇಬಿನ ಪರಾಗ ಜೋಳದ ಪರಾಗದಂತೆ ಗಾಳಿಗೆ ಹಾರುವಂಥದ್ದಲ್ಲ, ಅಂಟು ಅಂಟಾದದ್ದು. ತುಡುವೆ ಜೇನು, ಕೋಲು ಜೇನು, ಹೆಜ್ಜೇನು ಅದನ್ನು ಹೊರಬೇಕು. ಹತ್ತಿ, ಮೆಣಸಿನಕಾಯಿಗೆ ಔಷಧ ಹೊಡೆಯುವ ನಮ್ಮ ಭಾಗದಲ್ಲಿ ಇದು ಗಮನಿಸಬೇಕಾದ ಮಾತು. ಗಿಡ ಹೂವಿನಲ್ಲಿರುವಾಗ ಅದಕ್ಕೆ ಕೀಟನಾಶಕ ಹೊಡೆಯಬೇಡಿ. ಪಕ್ಕದ ಹೊಲದವರು ಹೊಡೆಯುವುದಿದ್ದರೆ ಜೇನು ಗೂಡಿಗೆ ಮರಳಿದ ಮೇಲೆ, ಸಂಜೆ ಹೊಡೆಯಲು ಕೇಳಿಕೊಳ್ಳಿ.

ಜೇನು ಕಾಣದಿದ್ದರೆ ಕೈಯಿಂದಲೂ ಆಗುತ್ತದೆ. ಹತ್ತಿ ಬೀಜೋತ್ಪಾದನೆಯ ಹೊಲದಲ್ಲಿ ‘ಕ್ರಾಸಿಂಗ್’ ಮಾಡಿದವರಿಗೆ ಇದು ಹೊಸದಲ್ಲ. ಬೆಳಿಗ್ಗೆ ಒಂದು ತಳಿಯ ಅರಳಿದ ಹೂವಿನ ಹಳದಿ ಪುಡಿಯನ್ನು ಸಣ್ಣ ಬ್ರಶ್‌ಗೆ ಹತ್ತಿಸಿಕೊಂಡು, ಇನ್ನೊಂದು ತಳಿಯ ಹೂವಿನ ನಡುವಿರುವ ಐದು ಎಳೆಗಳ ತುದಿಗೆ ಮೆತ್ತಗೆ ಸವರಬೇಕು. ಎರಡು ಗಿಡಕ್ಕೆ ಅರ್ಧ ಗಂಟೆಯ ಕೆಲಸ.

ಈಗಾಗಲೇ ಒಂದೇ ಗಿಡ ನೆಟ್ಟಿದ್ದೀರಾ? ಕಡಿಯಬೇಡಿ. ಅದರದೇ ಒಂದು ಕೊಂಬೆಗೆ ಬೇರೆ ತಳಿಯ ಕಸಿ ಕಟ್ಟಿಸಬಹುದು. ಪರಿಚಿತರ ಮನೆಯಲ್ಲಿ ಬೇರೆ ತಳಿ ಹೂ ಬಿಟ್ಟಿದ್ದರೆ ಒಂದೆರಡು ಹೂಕೊಂಬೆ ತಂದು ನೀರು ತುಂಬಿದ ಬಾಟಲಿಯಲ್ಲಿಟ್ಟು ನಿಮ್ಮ ಗಿಡಕ್ಕೆ ತೂಗುಹಾಕಬಹುದು. ಹಿಮಾಚಲದ ತೋಟಗಳಲ್ಲೂ ಈ ಉಪಾಯ ಬಳಸುತ್ತಾರೆ.

ಜೋಡಿ ಇದ್ದೂ ಕೈಕೊಡಬಹುದಾದ ಒಂದು ಸಂಗತಿ: ಚಳಿ

ಸೇಬಿಗೆ ಚಳಿಗಾಲದಲ್ಲಿ ನಿದ್ದೆ ಬೇಕು. ಸುಮಾರು 7 ಡಿಗ್ರಿಗಿಂತ ಕೆಳಗಿನ ತಾಪಮಾನ ಎಷ್ಟು ಗಂಟೆ ಸಿಕ್ಕಿತು ಎಂಬ ಲೆಕ್ಕದಲ್ಲಿ ಇದನ್ನು ಅಳೆಯುತ್ತಾರೆ. ಬೆಟ್ಟದ ತಳಿಗಳಿಗೆ ಇಂಥ ಸಾವಿರದ ಆಸುಪಾಸು ಗಂಟೆಗಳು ಬೇಕು. ಅನ್ನಾಗೆ 200–300, ಡಾರ್ಸೆಟ್‌ಗೆ ಸುಮಾರು 100. ಪಂಜಾಬ್ ಬಯಲಿನಲ್ಲಿ ಚಳಿಗಾಲದ ರಾತ್ರಿಗಳು ಅಷ್ಟು ತಣ್ಣಗಾಗುತ್ತವೆ. ರಾಯಚೂರು, ಮಾನ್ವಿ, ದೇವದುರ್ಗದಲ್ಲಿ ಡಿಸೆಂಬರ್ ರಾತ್ರಿಯೂ 7 ಡಿಗ್ರಿಗೆ ಇಳಿಯುವುದು ತೀರಾ ಅಪರೂಪ. ಚಳಿ ಸಾಲದ ಗಿಡ ಒಂದೇ ಸಲ ಹೂ ಬಿಡದೆ, ಇಂದು ನಾಲ್ಕು, ಹದಿನೈದು ದಿನ ಬಿಟ್ಟು ನಾಲ್ಕು ಎಂಬಂತೆ ಬಿಡುತ್ತದೆ. ಆಗ ಜೋಡಿ ಗಿಡಗಳ ಹೂವಿನ ಕಾಲ ತಪ್ಪಿಹೋಗುತ್ತದೆ.

ಇದಕ್ಕೊಂದು ದಾರಿ ಇದೆ. ಚಳಿಗಾಲವೇ ಇಲ್ಲದ ಇಂಡೊನೇಷ್ಯಾದ ಪೂರ್ವ ಜಾವಾದಲ್ಲಿ, ಬಾಟು ಎಂಬ ಊರಿನ ರೈತರು ಸೇಬಿನ ಮರದ ಎಲೆಗಳನ್ನು ಕೈಯಿಂದ ಕಿತ್ತು ಮರಕ್ಕೆ ಹೂ ಬಿಡಿಸುತ್ತಾರೆ. ಬಾಟು ಎತ್ತರದ ತಂಪು ಜಾಗ, ನಮ್ಮಲ್ಲಿ ಅಷ್ಟೇ ಫಲ ಸಿಗುತ್ತದೆಂದು ಹೇಳಲಾಗದು. ಆದರೂ ಪ್ರಯತ್ನಿಸುವವರು ಡಿಸೆಂಬರ್ ಸುಮಾರಿಗೆ ಎರಡೂ ಗಿಡಗಳ ಎಲೆಯನ್ನು ಒಂದೇ ವಾರ ತೆಗೆಯಿರಿ. ಯಾವ ಗಿಡ ಯಾವ ದಿನ ಹೂ ಬಿಟ್ಟಿತೆಂದು ಗೋಡೆಯ ಕ್ಯಾಲೆಂಡರ್ ಮೇಲೆ ಗುರುತು ಹಾಕಿ. ಒಂದು ಬೇಗ ಬಿಟ್ಟರೆ ಮುಂದಿನ ವರ್ಷ ಅದರ ಎಲೆಯನ್ನು ಅಷ್ಟು ದಿನ ತಡವಾಗಿ ತೆಗೆಯಿರಿ.

ಏಪ್ರಿಲ್–ಮೇ ಬಿಸಿಲಿಗೆ ಹಣ್ಣಿನ ಸಿಪ್ಪೆ ಸುಡಬಹುದು, ಮಧ್ಯಾಹ್ನದ ಹೊತ್ತು ನೆರಳು ಬೇಕು. ಎರೆ ಮಣ್ಣಿನಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಏರು ಮಾಡಿ ನೆಡಿ.

ಸಸಿ ಕೊಳ್ಳುವ ಮುನ್ನ ಕೇಳಬೇಕಾದ ನಾಲ್ಕು ಪ್ರಶ್ನೆ

1. ತಳಿಯ ಹೆಸರೇನು? “ಸೇಬಿನ ಸಸಿ” ಎಂಬ ಉತ್ತರ ಸಾಲದು.
2. ಕಸಿ ಸಸಿಯೇ, ಬೀಜದ ಸಸಿಯೇ? ಬೀಜದ ಸಸಿ ತಾಯಿಯಂತೆಯೇ ಹಣ್ಣು ಕೊಡುವ ಖಾತ್ರಿ ಇಲ್ಲ, ಕಾಯುವ ವರ್ಷಗಳೂ ಹೆಚ್ಚು.
3. ಇದಕ್ಕೆ ಜೋಡಿ ಯಾವ ತಳಿ? ಅದೂ ನಿಮ್ಮಲ್ಲಿದೆಯೇ?
4. ನಮ್ಮ ಜಿಲ್ಲೆಯಲ್ಲಿ ಹಣ್ಣು ಬಿಟ್ಟಿರುವ ಗಿಡ ತೋರಿಸುತ್ತೀರಾ?

ಉತ್ತರ ಸರಿ ಬರದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ. ಅನುಮಾನವಿದ್ದರೆ ತಾಲ್ಲೂಕಿನ ತೋಟಗಾರಿಕೆ ಇಲಾಖೆ ಕಚೇರಿಯಲ್ಲಿ ಅಥವಾ ರಾಯಚೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ.

ಕೊನೆಗೆ ಏನು ತಿಳಿಯಬೇಕು?

ಬಿಸಿಲು ನಾಡಿನಲ್ಲಿ ಸೇಬು ಬೆಳೆದ ಉದಾಹರಣೆಗಳಿವೆ. ಆದರೆ ಕುರ್ಡಿಯ ಹಿತ್ತಲಲ್ಲಿ ಅದು ಖಾತ್ರಿ ಆದಾಯವಲ್ಲ, ಆಸಕ್ತಿಯ ಪ್ರಯೋಗ. ಸಾಲ ಮಾಡಿ ಎಕರೆಗಟ್ಟಲೆ ಹಾಕುವ ಮುನ್ನ ಎರಡು ಗಿಡ ನೆಟ್ಟು ಮೂರು ವರ್ಷ ನೋಡಿ. ಆ ಎರಡೂ ಬೇರೆ ಬೇರೆ ತಳಿಯವಾಗಿರಲಿ.

“ಒಂದು ಸಸಿ ಸಾಕು” ಎಂಬ ಸಂದೇಶ ಮತ್ತೆ ಬಂದರೆ ಮುಂದಕ್ಕೆ ಕಳಿಸುವ ಬದಲು ಕಳಿಸಿದವರನ್ನೇ ಕೇಳಿ: “ಇದಕ್ಕೆ ಜೋಡಿ ಯಾವುದು?”