ಜಂತುನಾಶಕ ಔಷಧ ಮತ್ತು ತೊಟ್ಟಿಯ ಎರೆಹುಳು

ದನಕರುಗಳಿಗೆ ಹೊಟ್ಟೆಹುಳದ ಔಷಧ ಕೊಡಿಸುವುದು ಒಳ್ಳೆಯ ರೂಢಿ. ಕೊಟ್ಟಿಗೆಯ ಸಗಣಿಯಿಂದ ಎರೆಗೊಬ್ಬರ ತಯಾರಿಸುವುದೂ ಒಳ್ಳೆಯ ರೂಢಿಯೇ. ಆದರೆ ಎರಡೂ ಒಂದೇ ಮನೆಯಲ್ಲಿ ನಡೆಯುವಾಗ ಒಂದು ಪ್ರಶ್ನೆ ಏಳುತ್ತದೆ. ದನದ ಹೊಟ್ಟೆಯ ಹುಳುವನ್ನು ಕೊಲ್ಲುವ ಔಷಧ ಸಗಣಿಯೊಡನೆ ಹೊರಬಂದು ತೊಟ್ಟಿಯ ಎರೆಹುಳುವಿಗೂ ಕಂಟಕವಾಗುವುದೇ? ಕಲಬುರಗಿಯ ಗಾಜಿಪುರದಲ್ಲಿ ಹಿತ್ತಲಲ್ಲಿ ಒಂದೆರಡು ಎಮ್ಮೆ ಕಟ್ಟಿಕೊಂಡವರಿರಲಿ, ಕಮಲಾಪುರದ ಸುತ್ತ ಕೆಂಪು ಬಾಳೆಗೆ ಗೊಬ್ಬರ ಹಾಕುವವರಿರಲಿ, ತೊಟ್ಟಿ ಇಟ್ಟುಕೊಂಡವರು ಕೇಳಬೇಕಾದ ಪ್ರಶ್ನೆಯಿದು.

ಈ ಸಂಶಯ ಆಧಾರರಹಿತವಲ್ಲ. ನೋವು ನಿವಾರಣೆಗೆಂದು ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್, ಸತ್ತ ದನವನ್ನು ತಿಂದ ರಣಹದ್ದುಗಳ ಮೂತ್ರಪಿಂಡವನ್ನು ಕೆಡಿಸಿ ಅವುಗಳ ಸಂತತಿಯನ್ನೇ ಅಳಿವಿನಂಚಿಗೆ ತಂದಿತು. ಭಾರತದಲ್ಲಿ 2006ರಲ್ಲಿ ಅದರ ಪಶು ಬಳಕೆಯನ್ನು ನಿಷೇಧಿಸಬೇಕಾಯಿತು. ದನಕ್ಕೆ ಹಿತವಾದ ಔಷಧ ಬೇರೆ ಜೀವಿಗೂ ಹಿತವೆಂದು ಹೇಳಲಾಗದು.

ಜಂತುನಾಶಕಗಳಲ್ಲಿ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವವು ಆಲ್ಬೆಂಡಜೋಲ್ ಮತ್ತು ಐವರ್‌ಮೆಕ್ಟಿನ್. ಆಲ್ಬೆಂಡಜೋಲ್ ರಾಸಾಯನಿಕವಾಗಿ ತೊಗರಿ ಬೀಜೋಪಚಾರಕ್ಕೆ ಬಳಸುತ್ತ ಬಂದಿರುವ ಕಾರ್ಬೆಂಡಜಿಂನ ಬಳಗಕ್ಕೆ ಸೇರಿದ್ದು. ಆ ಕಾರ್ಬೆಂಡಜಿಂ ಎರೆಹುಳುವಿಗೆ ಎಷ್ಟು ವಿಷವೆಂದರೆ, ಪ್ರಯೋಗಾಲಯದ ಹುಳುಗಳು ಸರಿಯಾಗಿ ಸ್ಪಂದಿಸುತ್ತಿವೆಯೇ ಎಂದು ನೋಡಲು ಅದನ್ನೇ ಒರೆಗಲ್ಲಾಗಿ ಬಳಸುತ್ತಾರೆ. ಒಂದೇ ಬಳಗದ್ದೆಂದ ಮಾತ್ರಕ್ಕೆ ಆಲ್ಬೆಂಡಜೋಲ್ ಅಷ್ಟೇ ವಿಷವೆಂದಲ್ಲ. ಪರೀಕ್ಷಿಸದೆ ಬಿಡಬಾರದೆಂದು ಮಾತ್ರ. ಐವರ್‌ಮೆಕ್ಟಿನ್ ಬಹುಪಾಲು ಸಗಣಿಯ ಮೂಲಕವೇ ಹೊರಬೀಳುತ್ತದೆ. ಸಗಣಿಯಲ್ಲಿ ಬೆಳೆಯುವ ನೊಣ ಮತ್ತು ಸಗಣಿ ಜೀರುಂಡೆಯ ಮರಿಗಳಿಗೆ ಅದು ಮಾರಕವೆಂಬುದು ಸಿದ್ಧವಾಗಿರುವ ಸಂಗತಿ.

ಎರೆಹುಳುವಿನ ಮಾತೇನು? ಒಂದು ಲೆಕ್ಕ ಹಾಕೋಣ. 300 ಕಿಲೋ ತೂಕದ ಹಸುವಿಗೆ ಕಿಲೋಗೆ 0.2 ಮಿಲಿಗ್ರಾಂನಂತೆ 60 ಮಿಲಿಗ್ರಾಂ ಐವರ್‌ಮೆಕ್ಟಿನ್ ಚುಚ್ಚುತ್ತಾರೆ. ಅಷ್ಟೂ ಹೊರಬಂದು 500 ಕಿಲೋ ಸಗಣಿ-ಕಸದಲ್ಲಿ ಸಮನಾಗಿ ಬೆರೆತರೆ ಕಿಲೋಗೆ 0.12 ಮಿಲಿಗ್ರಾಂ ಆಗುತ್ತದೆ. ಎರೆಹುಳು ಸಾಯಲು ಬೇಕಾಗುವುದು ಇದರ ಹಲವು ಪಟ್ಟು. ಆದರೆ ಔಷಧ ಸಮನಾಗಿ ಬೆರೆಯುವುದಿಲ್ಲ. ಮೊದಲ ಕೆಲವು ದಿನಗಳ ಸಗಣಿಯಲ್ಲೇ ಹೆಚ್ಚು ಇರುತ್ತದೆ. ಇನ್ನೊಂದು ಮುಖ್ಯ ಸಂಗತಿ, ಹುಳು ಬದುಕಿರುವುದು ಬೇರೆ, ಸಂತಾನ ಬೆಳೆಸುವುದು ಬೇರೆ.

ಪರೀಕ್ಷಾ ವಿಧಾನಗಳ ಇತಿಹಾಸದಲ್ಲೂ ಈ ಭೇದ ಕಾಣುತ್ತದೆ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯು 1984ರಲ್ಲಿ ಹೊರತಂದ ಕ್ರಮದಲ್ಲಿ ಸತ್ತ ಹುಳುಗಳ ಎಣಿಕೆಯೇ ಪ್ರಧಾನ. ಶೇ. 70 ಮರಳು, ಶೇ. 20 ಕೇಯೋಲಿನ್ ಜೇಡಿ, ಶೇ. 10 ಪೀಟ್ ಬೆರೆಸಿದ ಕೃತಕ ಮಣ್ಣಿಗೆ ಔಷಧವನ್ನು ಏರುವ ಪ್ರಮಾಣಗಳಲ್ಲಿ ಸೇರಿಸಿ, ಪ್ರತಿ ಪಾತ್ರೆಗೆ 10 ಬೆಳೆದ ಹುಳುಗಳನ್ನು ಬಿಟ್ಟು, 7 ಮತ್ತು 14ನೇ ದಿನ ಎಣಿಸಬೇಕು. ಅರ್ಧದಷ್ಟು ಹುಳು ಸಾಯುವ ಪ್ರಮಾಣವನ್ನು ಇದರಿಂದ ಲೆಕ್ಕ ಹಾಕುತ್ತಾರೆ. 2004ರಲ್ಲಿ ಬಂದ ಕ್ರಮ ಸಂತಾನವನ್ನು ಎಣಿಸುತ್ತದೆ. ನಾಲ್ಕು ವಾರಗಳ ನಂತರ ದೊಡ್ಡ ಹುಳುಗಳನ್ನು ತೆಗೆದು, ಮೊಟ್ಟೆಕೋಶಗಳನ್ನು ಮಣ್ಣಿನಲ್ಲೇ ಬಿಟ್ಟು, ಮತ್ತೆ ನಾಲ್ಕು ವಾರಗಳಾದ ಮೇಲೆ ಮರಿಗಳನ್ನು ಎಣಿಸುವುದು. ಔಷಧವಿಲ್ಲದ ಪಾತ್ರೆಯಲ್ಲೇ 10 ಹುಳುಗಳಿಂದ 30 ಮರಿಗಳಾದರೂ ಆಗದಿದ್ದರೆ, ಅಥವಾ ಅಲ್ಲಿ ಶೇ. 10ಕ್ಕಿಂತ ಹೆಚ್ಚು ದೊಡ್ಡ ಹುಳುಗಳು ಸತ್ತರೆ ಪ್ರಯೋಗವೇ ಅಸಿಂಧು. ನನ್ನ ಮಟ್ಟಿಗೆ ಇಡೀ ವಿಧಾನದ ಜೀವಾಳ ಈ ಔಷಧರಹಿತ ಪಾತ್ರೆಯೇ.

ಈ ಕ್ರಮಗಳನ್ನು ನಮ್ಮಲ್ಲಿಗೆ ಹಾಗೆಯೇ ತರಲಾಗದು. ಅಲ್ಲಿನ ಉಷ್ಣತೆ 20 ಡಿಗ್ರಿ. ಕಲಬುರಗಿಯ ಬೇಸಿಗೆ 40 ದಾಟುತ್ತದೆ. ನಮ್ಮ ಎರೆ ಭೂಮಿಯಲ್ಲಿ ಜೇಡಿಯ ಅಂಶ ಆ ಕೃತಕ ಮಣ್ಣಿಗಿಂತ ಬಹಳ ಹೆಚ್ಚು, ಅದರ ಜಾತಿಯೂ ಬೇರೆ. ಔಷಧವನ್ನು ಅದು ಹಿಡಿದಿಡುವ ರೀತಿಯೂ ಬೇರೆ. ಪರೀಕ್ಷೆಗೆ ಬಳಸುವ ಐಸೀನಿಯಾ ಹುಳು ಗೊಬ್ಬರದ ರಾಶಿಯ ವಾಸಿ, ತೊಗರಿ ಹೊಲದ್ದಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ರಾಧಾ ಡಿ. ಕಾಳೆಯವರು ಎರೆಗೊಬ್ಬರಕ್ಕಾಗಿ ಅಭ್ಯಸಿಸಿದ ಯೂಡ್ರಿಲಸ್, ಪೆರಿಯೋನಿಕ್ಸ್ ಹುಳುಗಳ ಮೇಲೂ ನಮ್ಮ ಮಣ್ಣಿನಲ್ಲೇ ಪರೀಕ್ಷೆ ನಡೆಯುವುದು ಅವಶ್ಯ.

ರೈತರು ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಹುಳುವಿಗೆ ಒಲ್ಲದ ಮಣ್ಣಿನಿಂದ ಅದು ದೂರ ಸರಿಯುತ್ತದೆ ಎಂಬುದೇ ಇದರ ತತ್ತ್ವ. ಅಗಲ ಬಾಯಿಯ ಪ್ಲಾಸ್ಟಿಕ್ ಬುಟ್ಟಿಯ ನಡುವೆ ದಪ್ಪ ರಟ್ಟು ನಿಲ್ಲಿಸಿ, ಒಂದು ಕಡೆ ಔಷಧ ಕೊಡದ ದನದ ಸಗಣಿ ಬೆರೆಸಿದ ಮಣ್ಣು, ಇನ್ನೊಂದು ಕಡೆ ಔಷಧ ಕೊಟ್ಟ ದನದ ಸಗಣಿ ಬೆರೆಸಿದ ಮಣ್ಣು ತುಂಬಿರಿ. ರಟ್ಟು ತೆಗೆದು, ಕುತ್ತಿಗೆಯ ಬಳಿ ಉಬ್ಬಿದ ಪಟ್ಟಿಯಿರುವ 10 ಹುಳುಗಳನ್ನು ಗೆರೆಯ ಮೇಲೆ ಬಿಟ್ಟು, ಗಾಳಿಯಾಡುವಂತೆ ಮುಚ್ಚಿ ನೆರಳಿನಲ್ಲಿಡಿ. 48 ಗಂಟೆಗಳ ನಂತರ ರಟ್ಟನ್ನು ಮತ್ತೆ ನಿಲ್ಲಿಸಿ ಎರಡೂ ಕಡೆ ಎಣಿಸಿರಿ. ಒಂದೇ ಬುಟ್ಟಿಯನ್ನು ನಂಬದೆ ಐದು ಬುಟ್ಟಿಗಳಲ್ಲಿ ಮಾಡುವುದು ಲೇಸು. ಔಷಧದ ಕಡೆ ಒಟ್ಟು ಹುಳುಗಳ ಐದರಲ್ಲೊಂದು ಪಾಲೂ ಇರದಿದ್ದರೆ ಆ ಸಗಣಿ ತೊಟ್ಟಿಗೆ ಯೋಗ್ಯವಲ್ಲ.

ಇಲ್ಲಿ ಮೋಸಹೋಗುವ ಜಾಗವೊಂದಿದೆ. ಹಸಿ ಸಗಣಿಯ ಕಾವು ಮತ್ತು ಘಾಟಿಗೂ ಹುಳು ಓಡುತ್ತದೆ. ಆದ್ದರಿಂದ ಎರಡೂ ಸಗಣಿ ಅಷ್ಟೇ ದಿನದ್ದು, ಅದೇ ಮೇವು ತಿಂದ ದನದ್ದು, ತೇವವೂ ಒಂದೇ ಆಗಿರಬೇಕು. ಎರಡೂ ಕಡೆ ಔಷಧವಿಲ್ಲದ ಮಣ್ಣೇ ತುಂಬಿದ ಬುಟ್ಟಿಯೊಂದೂ ಇರಲಿ; ಅದರಲ್ಲೇ ಹುಳುಗಳು ಒಂದು ಕಡೆ ಗುಂಪುಗೂಡಿದರೆ ಬೆಳಕೋ ತೇವವೋ ವ್ಯತ್ಯಾಸವಾಗಿದೆಯೆಂದು ತಿಳಿಯಿರಿ. ಕೆಲವು ವಿಷಗಳ ಸುಳಿವೇ ಹುಳುವಿಗೆ ಹತ್ತದು. ಹುಳು ಸರಿಯಲಿಲ್ಲವೆಂದು ಔಷಧ ನಿರಪಾಯವೆಂದು ಹೇಳಬೇಡಿ. ಎಂಟು ವಾರ ಕಾದು ಮರಿಗಳನ್ನು ಎಣಿಸಿದಾಗಲೇ ಅದು ತಿಳಿಯುವುದು.

ಪರೀಕ್ಷೆಗೆ ಪುರಸೊತ್ತಿಲ್ಲದವರು ಔಷಧ ಕೊಟ್ಟ ದಿನದಿಂದ ಎರಡು ವಾರಗಳ ಸಗಣಿಯನ್ನು ತೊಟ್ಟಿಗೆ ಹಾಕದೆ ಬೇರೆ ತಿಪ್ಪೆಯಲ್ಲಿ ಕೊಳೆಸುವುದು ಒಳಿತು. ಐವರ್‌ಮೆಕ್ಟಿನ್ ಬೇಸಿಗೆಯಲ್ಲಿ ಬೇಗ, ಚಳಿಗಾಲದಲ್ಲಿ ನಿಧಾನವಾಗಿ ನಶಿಸುವುದರಿಂದ ಚಳಿಗಾಲದ ತಿಪ್ಪೆಯನ್ನು ಹೆಚ್ಚು ದಿನ ಬಿಡಬೇಕು. ಎರೆಹುಳುವಿನ ಚಿಂತೆಯಿಂದ ದನಕ್ಕೆ ಔಷಧ ತಪ್ಪಿಸುವುದು ಸಲ್ಲದು. ಯಾವ ಔಷಧ, ಎಷ್ಟು, ಯಾವಾಗ ಎಂಬುದನ್ನು ಪಶುವೈದ್ಯರೇ ನಿರ್ಧರಿಸಲಿ. ವಿಸ್ತರಣಾ ಕಾರ್ಯಕರ್ತರು ತೊಟ್ಟಿ ನೋಡಲು ಹೋದಾಗ ಔಷಧದ ಹೆಸರು, ಕೊಟ್ಟ ತಾರೀಖು, ಆ ಸಗಣಿ ತೊಟ್ಟಿಗೆ ಬಿದ್ದ ದಿನ, ಈ ಮೂರನ್ನೂ ಬರೆದುಕೊಳ್ಳಬೇಕು. ಹುಳು ಕಡಿಮೆಯಾಯಿತೆಂಬ ದೂರು ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆಗಳೂ ಇವೇ.